ಶೈಶವದಲ್ಲಿ ಆಂಟಿಬಯಾಟಿಕ್ ಮತ್ತು ಮಕ್ಕಳ ಮುಂದಿನ ಆರೋಗ್ಯ

ಆಂಟಿಬಯಾಟಿಕ್ ಔಷಧಗಳು ಬ್ಯಾಕ್ಟೀರಿಯಾಗಳನ್ನು ನಾಶಪಡಿಸುತ್ತವೆ ಇಲ್ಲವೆ ಅವುಗಳ ಬೆಳವಣಿಗೆಯನ್ನು ತಡೆಯುತ್ತವೆ. ವೈರಸ್‌ಗಳ ಮೇಲೆ ಅವು ನಿಷ್ಫಲ. ಎಳೆಯ ಮಕ್ಕಳ ನೆಗಡಿ, ಕೆಮ್ಮುಗಳಲ್ಲಿ ಬಹುಪಾಲು ವೈರಸ್‌ನಿಂದಲೇ ಬರುವಂಥವು.

ಶಿಶುವಿನ ಕರುಳಿನಲ್ಲಿ ಮೊದಲ ಎರಡು ಮೂರು ವರ್ಷಗಳಲ್ಲಿ ನೆಲೆಗೊಳ್ಳುವ ಉಪಕಾರಿ ಸೂಕ್ಷ್ಮಾಣುಗಳು ರೋಗನಿರೋಧಕ ಶಕ್ತಿಯನ್ನು ರೂಪಿಸಲು ನೆರವಾಗುತ್ತವೆ. ಆಂಟಿಬಯಾಟಿಕ್‌ಗಳು ಇವನ್ನೂ ಕೊಲ್ಲುತ್ತವೆ. ಅಮೆರಿಕದ ಮೇಯೋ ಕ್ಲಿನಿಕ್ಕಿನ ಸಂಶೋಧಕರು 14,000ಕ್ಕೂ ಹೆಚ್ಚು ಮಕ್ಕಳನ್ನು ಕುರಿತ ಅಧ್ಯಯನವನ್ನು 2020ರಲ್ಲಿ ಪ್ರಕಟಿಸಿದರು. ಎರಡು ವರ್ಷದೊಳಗೆ ಈ ಔಷಧ ಪಡೆದವರಲ್ಲಿ ಅಸ್ತಮಾ, ಇಸುಬು, ಅತಿತೂಕ ಹೆಚ್ಚಾಗಿ ಕಂಡುಬಂದವು. ಇವೆರಡರ ನಡುವೆ ಸಂಬಂಧ ಕಂಡಿದೆಯೇ ಹೊರತು ಔಷಧವೇ ಕಾರಣವೆಂದು ಸಿದ್ಧವಾಗಿಲ್ಲ.

ಅನಗತ್ಯ ಬಳಕೆಯ ಇನ್ನೊಂದು ಅಪಾಯ, ಔಷಧಕ್ಕೆ ಮಣಿಯದ ರೋಗಾಣುಗಳು. ಹೈದರಾಬಾದಿನಲ್ಲಿ ನೆಲೆಸಿರುವ ನಮಗೆ ಇದು ದೂರದ ಮಾತಲ್ಲ. ಪಕ್ಕದ ಪಟಾನ್‌ಚೆರುವಿನಲ್ಲಿ ಔಷಧ ಕಾರ್ಖಾನೆಗಳ ತ್ಯಾಜ್ಯನೀರನ್ನು ಶುದ್ಧೀಕರಿಸಿದ ಮೇಲೂ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಉಳಿದಿತ್ತೆಂದು ಸ್ವೀಡನ್ನಿನ ಸಂಶೋಧಕರು 2007ರಲ್ಲಿ ವರದಿ ಮಾಡಿದರು. ನೀರಿನಲ್ಲಿ ಸೇರುವ ಔಷಧವೂ ಇಂಥ ರೋಗಾಣುಗಳನ್ನು ಬೆಳೆಸಬಲ್ಲದು.

2014ರ ಮಾರ್ಚ್ 1ರಿಂದ ಜಾರಿಗೆ ಬಂದ ಎಚ್1 ಅನುಸೂಚಿಯ ಪ್ರಕಾರ, ಕೆಲವು ಪ್ರಬಲ ಆಂಟಿಬಯಾಟಿಕ್‌ಗಳ ಮಾರಾಟವನ್ನು ಔಷಧದಂಗಡಿಯವರು ಪ್ರತ್ಯೇಕ ರಿಜಿಸ್ಟರಿನಲ್ಲಿ ದಾಖಲಿಸಬೇಕು. ಆದರೆ ಮನೆಯಲ್ಲಿ ಉಳಿದ ಸಿರಪ್ಪಿಗೆ ಯಾವ ರಿಜಿಸ್ಟರೂ ಇಲ್ಲ. ಹಿಂದಿನ ಕಾಯಿಲೆಯ ಔಷಧವನ್ನಾಗಲಿ, ನೆರೆಮನೆಯ ಮಗುವಿನ ಔಷಧವನ್ನಾಗಲಿ ನಾವಾಗಿಯೇ ಮಗುವಿಗೆ ಕೊಡಬಾರದು.

ಹಾಗೆಂದು ಭಯಪಟ್ಟು ಚಿಕಿತ್ಸೆಯನ್ನು ತಪ್ಪಿಸುವುದೂ ಸಲ್ಲದು. ಬ್ಯಾಕ್ಟೀರಿಯಾದಿಂದ ಬರುವ ನ್ಯುಮೋನಿಯ, ನವಜಾತ ಶಿಶುವಿನ ರಕ್ತದ ಸೋಂಕು ಮೊದಲಾದವುಗಳಲ್ಲಿ ಈ ಔಷಧವೇ ಪ್ರಾಣರಕ್ಷಕ. ಹಸುಗೂಸು ಹಾಲು ಕುಡಿಯದಿದ್ದರೆ, ಏದುಸಿರು ಬಿಡುತ್ತಿದ್ದರೆ, ಜ್ವರ ಬಂದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಅವರು ಬರೆದುಕೊಟ್ಟ ಪ್ರಮಾಣದಲ್ಲಿ, ಹೇಳಿದಷ್ಟು ದಿನ ಔಷಧ ಕೊಡುವುದು ಪೋಷಕರಾದ ನಮ್ಮ ಹೊಣೆ.