ಅನ್ನದ ಆಸೆ ಎಷ್ಟು ಹಳೇದು?

ನಮ್ಮ ಕವಿತಾಳ ಕಡೆ ಸಕ್ಕರೆ ಕಾಯಿಲೆ ಬಂದವರಿಗೆ ಡಾಕ್ಟ್ರು ಹೇಳೋ ಮಾತು ಹೆಚ್ಚುಕಮ್ಮಿ ಒಂದೇ. "ಅನ್ನ ಕಡಿಮಿ ಮಾಡ್ರಿ, ಜ್ವಾಳದ ರೊಟ್ಟಿ ತಿನ್ರಿ." ಹಳೇ ತಲೆಗಳು ಇದನ್ನ ಕೇಳಿ ನಗ್ತಾರೆ. ಅವರ ಕಾಲದಲ್ಲಿ ರೊಟ್ಟಿ ಪಥ್ಯ ಅಲ್ಲ, ಊಟಾನೇ ಅದು. ಜ್ವಾಳದ ರೊಟ್ಟಿ, ಸಜ್ಜಿ ರೊಟ್ಟಿ, ಜ್ವಾಳದ ನುಚ್ಚು, ಪುಂಡಿಪಲ್ಯ, ಶೇಂಗಾ ಹಿಂಡಿ. ಅನ್ನ ಏನಿದ್ರೂ ಹಬ್ಬಕ್ಕೆ, ಮದುವೆಗೆ, ಇಲ್ಲಾ ಬೀಗರು ಬಂದಾಗ.

ಹಾಗಾದ್ರೆ ಈಗ ನಾವು ಬಿಡೋಕಾಗದೆ ಒದ್ದಾಡೋ ಈ ಅನ್ನ ದಿನಾ ತಟ್ಟೆಗೆ ಬರೋಕೆ ಶುರುವಾಗಿದ್ದು ಯಾವಾಗ?

1945ರಲ್ಲಿ ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು. ಮದ್ರಾಸ್ ಪ್ರಾಂತ್ಯ ಮತ್ತು ನಿಜಾಮರ ಹೈದರಾಬಾದ್ ಸಂಸ್ಥಾನ ಸೇರಿ ಹಿಡಿದ ಕೆಲಸ ಅದು. ರಾಯಚೂರು ಆಗ ನಿಜಾಮರ ಕೈಲಿತ್ತು. 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ತಮಾಷೆ ಏನಂದ್ರೆ, ಎಡದಂಡೆ ಕಾಲುವೆ ತೋಡಿದ್ದು ಮುಖ್ಯವಾಗಿ ಭತ್ತಕ್ಕಲ್ಲ. ಮಳೆ ಕೈಕೊಟ್ಟಾಗ ಜೋಳ, ಹತ್ತಿ, ಶೇಂಗಾ ಒಣಗಬಾರದು ಅಂತ. ಭತ್ತಕ್ಕೆ ಗುರುತಿಸಿದ್ದು ಸ್ವಲ್ಪ ಜಮೀನು ಮಾತ್ರ. ಆದ್ರೆ ಕರಾವಳಿ ಆಂಧ್ರದಿಂದ ಬಂದ ರೈತರು ಜಮೀನು ಕೊಂಡು, ಕ್ಯಾಂಪು ಕಟ್ಟಿಕೊಂಡು ಭತ್ತ ಹಚ್ಚಿದ್ರು. ಅವರನ್ನ ನೋಡಿ ನಮ್ಮವರೂ ಹಚ್ಚಿದ್ರು. ಗಂಗಾವತಿ, ಸಿಂಧನೂರು ಕಡೆ ಎಲ್ಲಿ ನೋಡಿದ್ರೂ ಗದ್ದೆ. ಕಾಲುವೆಯ ಕೊನೆ ಭಾಗದ ಮಾನ್ವಿ, ರಾಯಚೂರಿಗೆ ನೀರು ಬರೋದು ಕಷ್ಟವಾಯ್ತು, ಅಕ್ಕಿ ಮಾತ್ರ ಆರಾಮಾಗಿ ಬಂತು! ಅತ್ತ ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆಯಿಂದ ದೇವದುರ್ಗದ ಕಡೆಗೂ ನೀರು ಹರೀತು. 2013ರಲ್ಲಿ ಅನ್ನಭಾಗ್ಯ ಬಂದ ಮೇಲಂತೂ ಬಡವರ ಮನೆಯಲ್ಲೂ ಅನ್ನವೇ ದಿನದ ಊಟ.

ಅಂದ್ರೆ ನಮ್ಮ ಅನ್ನದ ಆಸೆಗೆ ಎರಡು ಮೂರು ತಲೆಮಾರಿನ ವಯಸ್ಸು, ಅಷ್ಟೆ.

ಪಥ್ಯದ ವಯಸ್ಸು ಮಾತ್ರ ಬಹಳ. ಚರಕ ಸಂಹಿತೆಯಲ್ಲೇ ಪ್ರಮೇಹದವರಿಗೆ ಜವೆಗೋಧಿ ಮುಖ್ಯ ಆಹಾರ ಅಂತಿದೆ. ಇನ್ಸುಲಿನ್ ಬರೋಕೆ ಮುಂಚೆ ಅಮೆರಿಕಾದ ಡಾಕ್ಟರ್ ಫ್ರೆಡರಿಕ್ ಆಲೆನ್ ಹತ್ತಿರ ಇದ್ದದ್ದು ಒಂದೇ ಉಪಾಯ, ಉಪವಾಸ ಹಾಕೋದು. ಎಲಿಜಬೆತ್ ಹ್ಯೂಸ್ ಅನ್ನೋ ಹುಡುಗಿ ಆ ಪಥ್ಯದಲ್ಲೇ ಮೂರು ವರ್ಷ ಜೀವ ಹಿಡ್ಕೊಂಡಿದ್ಲು; ತೂಕ 20 ಕಿಲೋ ಆಸುಪಾಸಿಗೆ ಇಳಿದಿತ್ತು. 1922ರಲ್ಲಿ ಟೊರೊಂಟೊದಲ್ಲಿ ಡಾ. ಬ್ಯಾಂಟಿಂಗ್ ಇನ್ಸುಲಿನ್ ಕೊಟ್ಟ ಮೇಲೆ ಅವಳು ಮತ್ತೆ ಬ್ರೆಡ್ ತಿಂದ್ಲು, 1981ರವರೆಗೆ ಬದುಕಿದ್ಲು. ಅವಳನ್ನ ನೆನೆಸಿಕೊಂಡ್ರೆ ನಮ್ಮ ಪಥ್ಯ ಪಥ್ಯವೇ ಅಲ್ಲ.

ಹಾಗಂತ ಜೋಳ ಔಷಧಿ ಅಂತ ತಿಳ್ಕೋಬೇಡಿ. ನಾರು ಜಾಸ್ತಿ, ಬಿಳಿ ಅನ್ನದಷ್ಟು ಬೇಗ ಸಕ್ಕರೆ ಏರಿಸಲ್ಲ, ನಿಜ. ಆದ್ರೂ ಅದೂ ಪಿಷ್ಟವೇ. ನಾಲ್ಕೈದು ರೊಟ್ಟಿ ಬಾರಿಸಿದ್ರೆ ಲೆಕ್ಕ ತಪ್ಪೋದು ಗ್ಯಾರಂಟಿ. ಹಿಂದಿನವರು ಅಷ್ಟು ತಿಂದು ಇಡೀ ದಿನ ಹೊಲದಲ್ಲಿ ದುಡೀತಿದ್ರು, ನಾವು ಕುರ್ಚಿ ಬಿಟ್ಟು ಏಳಲ್ಲ. ಇನ್ನೊಂದು ಮಾತು. ರೇಷನ್ನಿನಲ್ಲಿ ಕೆಲವು ಸಲ ಜೋಳ ಕೊಟ್ಟಿದ್ದುಂಟು, ಆದ್ರೆ ಮುಖ್ಯವಾಗಿ ಸಿಗೋದು ಅಕ್ಕಿ. ಪುಕ್ಕಟೆ ಅಕ್ಕಿ ಮನೆಯಲ್ಲಿ ಇಟ್ಕೊಂಡು, ಕೂಲಿ ದುಡ್ಡಲ್ಲಿ ಬಿಳಿಜೋಳ ತನ್ನಿ ಅಂತ ಬಡ ರೋಗಿಗೆ ಹೇಳೋದು ಸುಲಭ, ಅವರು ತರೋದು ಕಷ್ಟ.

ಇಷ್ಟೆಲ್ಲಾ ಇತಿಹಾಸ ಗೊತ್ತಿದ್ರೂ ನಾಲಿಗೆ ಕೇಳಲ್ಲ ನೋಡಿ. ಸಂಜೆ ಮಂಡಾಳ ಒಗ್ಗರಣಿ, ಮಿರ್ಚಿ ವಾಸನೆ ಬಂದ್ರೆ ಕಾಲು ತಾನಾಗೇ ನಿಲ್ಲುತ್ತೆ. ಜಾತ್ರೆಯ ಗೋಧಿ ಹುಗ್ಗಿ, ಹೋಳಿಗೆ ಮೇಲಿನ ತುಪ್ಪ... ಇವಂತೂ ಯಾವ ಕಾಲುವೆ ಜೊತೆಗೂ ಬಂದವಲ್ಲ. ಆದ್ರೆ ಇವನ್ನ ಅಜ್ಜಿಯರ ಕಾಲದಲ್ಲೂ ದಿನಾ ಯಾರೂ ತಿಂತಿರಲಿಲ್ಲ, ಕಾಯ್ತಿದ್ರು. ನಾನೂ ಈಗ ಕಾಯೋದು ಕಲೀತಿದ್ದೀನಿ.

ನಿಮ್ಮೂರಲ್ಲಿ ಅನ್ನ ದಿನದ ಊಟ ಆಗಿದ್ದು ಯಾವಾಗ? ಮನೇಲಿ ಹಿರಿಯರಿದ್ರೆ ಒಮ್ಮೆ ಕೇಳಿ ನೋಡಿ.