ಬ್ರಿಟನ್ನಿನ ಗುಲಾಮಗಿರಿ ವಿರೋಧಿ ಚಳವಳಿ ಮತ್ತು ಕ್ರೈಸ್ತ ಸಭೆಗಳು

ಅಟ್ಲಾಂಟಿಕ್ ಗುಲಾಮ ವ್ಯಾಪಾರವನ್ನೂ ಬ್ರಿಟಿಷ್ ವಸಾಹತುಗಳ ಗುಲಾಮಗಿರಿಯನ್ನೂ ಕಾನೂನಿನ ಬಲದಿಂದ ಕೊನೆಗಾಣಿಸಲು 1783ರಿಂದ 1838ರವರೆಗೆ ಬ್ರಿಟನ್ನಿನಲ್ಲಿ ನಡೆದ ಜನಚಳವಳಿ. ಕ್ವೇಕರರು, ಮೆಥಡಿಸ್ಟರು, ಬ್ಯಾಪ್ಟಿಸ್ಟರು ಹಾಗೂ ಆಂಗ್ಲಿಕನ್ ಸಭೆಯ ಇವ್ಯಾಂಜೆಲಿಕಲ್ ಬಣದವರು ಇದರ ಮುಂಚೂಣಿಯಲ್ಲಿದ್ದರು. ದೇವರ ಮುಂದೆ ಎಲ್ಲ ಮನುಷ್ಯರೂ ಸಮಾನರೆಂಬ ನಂಬಿಕೆ ಕ್ರೈಸ್ತರಲ್ಲಿ ಮೊದಲಿನಿಂದಲೂ ಇತ್ತು. ಗುಲಾಮಗಿರಿಯೂ ಶತಮಾನಗಳ ಕಾಲ ಅದರ ಪಕ್ಕದಲ್ಲೇ ಬಾಳಿತ್ತು. ಆ ನಂಬಿಕೆ ಸಾಕ್ಷ್ಯ ಸಂಗ್ರಹ, ಸಹಿ ಅರ್ಜಿ, ಸರಕು ಬಹಿಷ್ಕಾರ, ನ್ಯಾಯಾಲಯದ ದಾವೆ ಮತ್ತು ಸಂಸತ್ತಿನ ಮಸೂದೆಗಳ ರೂಪ ತಾಳಿದ್ದು ಈ ಚಳವಳಿಯಲ್ಲಿ. ಕೆರಿಬಿಯನ್ ದ್ವೀಪಗಳಲ್ಲಿ ಅದೇ ಬೈಬಲನ್ನು ಕೇಳಿ ಬೆಳೆದ ಗುಲಾಮರು ಎದ್ದು ನಿಂತದ್ದು ಚಳವಳಿಯನ್ನು ಗುರಿ ಮುಟ್ಟಿಸಿತು.

ಹಿನ್ನೆಲೆ

16ರಿಂದ 19ನೆಯ ಶತಮಾನದವರೆಗೆ ಸುಮಾರು 1.25 ಕೋಟಿ ಆಫ್ರಿಕನ್ನರನ್ನು ಅಮೆರಿಕ ಖಂಡಗಳಿಗೆ ಸಾಗಿಸುವ ಹಡಗುಗಳಿಗೆ ತುಂಬಲಾಯಿತು. ಅವರಲ್ಲಿ ಸುಮಾರು 18 ಲಕ್ಷ ಜನ ದಡ ಸೇರುವ ಮುನ್ನವೇ ಸತ್ತರು. ಬ್ರಿಟಿಷ್ ಹಡಗುಗಳು ಸಾಗಿಸಿದವರೇ 30 ಲಕ್ಷಕ್ಕೂ ಹೆಚ್ಚು. ಲಂಡನ್, ಬ್ರಿಸ್ಟಲ್, ಲಿವರ್‌ಪೂಲ್ ಬಂದರುಗಳು ಈ ವ್ಯಾಪಾರದಿಂದ ಬೆಳೆದವು. ಜಮೈಕ, ಬಾರ್ಬಡೋಸ್ ಮುಂತಾದ ದ್ವೀಪಗಳ ಕಬ್ಬಿನ ತೋಟಗಳಲ್ಲಿ ಗುಲಾಮರ ದುಡಿಮೆಯಿಂದ ಬಂದ ಸಕ್ಕರೆ ಇಂಗ್ಲೆಂಡಿನ ಮನೆಮನೆಯ ಚಹಾಕ್ಕೆ ಬೆರೆಯುತ್ತಿತ್ತು.

ಈ ವ್ಯವಸ್ಥೆಯಲ್ಲಿ ಸಭೆಗೂ ಪಾಲಿತ್ತು. ಕ್ರಿಸ್ಟೊಫರ್ ಕಾಡ್ರಿಂಗ್ಟನ್ ಎಂಬ ತೋಟದ ಮಾಲೀಕ 1710ರಲ್ಲಿ ತೀರಿಕೊಂಡಾಗ ಬಾರ್ಬಡೋಸಿನ ತನ್ನ ತೋಟಗಳನ್ನು ಆಂಗ್ಲಿಕನ್ ಸಭೆಯ ಸುವಾರ್ತಾ ಪ್ರಸಾರ ಸಂಘಕ್ಕೆ ಬಿಟ್ಟುಹೋದ. ಸಂಘ ಅಲ್ಲಿನ ಗುಲಾಮರನ್ನು ಬಿಡುಗಡೆ ಮಾಡಲಿಲ್ಲ. ಆರಂಭದ ವರ್ಷಗಳಲ್ಲಿ ಅವರ ಎದೆಯ ಮೇಲೆ ಸಂಘದ ಹೆಸರಿನ ಬರೆಯನ್ನೂ ಎಳೆಯಲಾಯಿತು. ಯಜಮಾನರಿಗೆ ವಿಧೇಯರಾಗಿರಬೇಕೆಂಬ ಬೈಬಲ್ ವಚನಗಳು ಪೀಠದಿಂದ ಬೋಧನೆಯಾಗುತ್ತಿದ್ದವು. ಹೀಗಾಗಿ ಚಳವಳಿಗಾರರು ತೋಟದ ಮಾಲೀಕರೊಂದಿಗೆ ಮಾತ್ರವಲ್ಲ, ತಮ್ಮದೇ ಸಭೆಗಳೊಂದಿಗೂ ಹೋರಾಡಬೇಕಾಯಿತು.

ಮೊದಲ ದನಿಗಳು

ಅಮೆರಿಕದ ಪೆನ್ಸಿಲ್ವೇನಿಯಕ್ಕೆ ಸೇರಿದ ಜರ್ಮನ್‌ಟೌನಿನ ನಾಲ್ವರು 1688ರಲ್ಲಿ ತಮ್ಮ ಕ್ವೇಕರ್ ಸಭೆಗೆ ಲಿಖಿತ ಪ್ರತಿಭಟನೆ ಸಲ್ಲಿಸಿದರು. ನಮಗೆ ಇತರರು ಏನು ಮಾಡಬಾರದೋ ಅದನ್ನು ನಾವು ಇತರರಿಗೆ ಮಾಡಬಾರದೆಂಬುದು ಅವರ ವಾದದ ತಿರುಳು. ಮುಂದಿನ ನೂರು ವರ್ಷಗಳಲ್ಲಿ ಕ್ವೇಕರರು ಗುಲಾಮರನ್ನು ಇಟ್ಟುಕೊಂಡ ತಮ್ಮ ಸದಸ್ಯರನ್ನೇ ಸಭೆಯಿಂದ ಹೊರಗಿಡುವ ನಿಲುವಿಗೆ ಬಂದರು. ಮೆಥಡಿಸ್ಟ್ ಪಂಥದ ಸ್ಥಾಪಕ ಜಾನ್ ವೆಸ್ಲಿ 1774ರಲ್ಲಿ ಗುಲಾಮಗಿರಿಯನ್ನು ಖಂಡಿಸುವ ಪುಸ್ತಿಕೆ ಬರೆದ.

ಕಾನೂನಿನ ದಾರಿಯನ್ನು ತೆರೆದವನು ಗ್ರ್ಯಾನ್ವಿಲ್ ಶಾರ್ಪ್. ಸರ್ಕಾರಿ ಗುಮಾಸ್ತನಾಗಿದ್ದ ಈತ ಸ್ವಂತ ಶ್ರಮದಿಂದ ಕಾನೂನು ಓದಿ, ಇಂಗ್ಲೆಂಡಿಗೆ ಕರೆತಂದ ಗುಲಾಮರ ಪರವಾಗಿ ದಾವೆಗಳನ್ನು ನಡೆಸಿದ. 1772ರಲ್ಲಿ ಜೇಮ್ಸ್ ಸಾಮರ್‌ಸೆಟ್ ಎಂಬ ಆಫ್ರಿಕನ್ನನ ಮೊಕದ್ದಮೆಯಲ್ಲಿ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್, ಗುಲಾಮನನ್ನು ಇಂಗ್ಲೆಂಡಿನಿಂದ ಬಲವಂತವಾಗಿ ಹೊರಗೆ ಸಾಗಿಸುವಂತಿಲ್ಲ ಎಂದು ತೀರ್ಪಿತ್ತ.

1781ರ ಕೊನೆಯಲ್ಲಿ ಜಾಂಗ್ ಎಂಬ ಹಡಗಿನಿಂದ 130ಕ್ಕೂ ಹೆಚ್ಚು ಗುಲಾಮರನ್ನು ಜೀವಂತವಾಗಿ ಸಮುದ್ರಕ್ಕೆ ಎಸೆಯಲಾಯಿತು. ಹಡಗಿನ ಮಾಲೀಕರು ಸತ್ತವರನ್ನು ಸರಕೆಂದು ಲೆಕ್ಕ ಹಿಡಿದು ವಿಮೆಯ ಹಣ ಕೇಳಿದರು. ಲಂಡನ್ನಿನಲ್ಲಿದ್ದ ಮಾಜಿ ಗುಲಾಮ ಒಲಾಡಾ ಈಕ್ವಿಯಾನೊ 1783ರಲ್ಲಿ ಈ ಸುದ್ದಿಯನ್ನು ಶಾರ್ಪ್‌ಗೆ ಮುಟ್ಟಿಸಿದ. ಕೊಲೆ ಮೊಕದ್ದಮೆ ಹೂಡಿಸಲು ಶಾರ್ಪ್ ನಡೆಸಿದ ಪ್ರಯತ್ನ ಫಲಿಸಲಿಲ್ಲ. ಅದೇ ವರ್ಷ ಕ್ವೇಕರರು ಗುಲಾಮ ವ್ಯಾಪಾರದ ವಿರುದ್ಧ ಸಂಸತ್ತಿಗೆ ತಮ್ಮ ಮೊದಲ ಅರ್ಜಿ ಸಲ್ಲಿಸಿದರು.

1787ರ ಸಮಿತಿ

1787ರ ಮೇ 22ರಂದು ಲಂಡನ್ನಿನ ಜಾರ್ಜ್ ಯಾರ್ಡಿನ ಮುದ್ರಣಾಲಯವೊಂದರಲ್ಲಿ 12 ಜನ ಸೇರಿ ಗುಲಾಮ ವ್ಯಾಪಾರ ರದ್ದತಿ ಸಮಿತಿಯನ್ನು ಕಟ್ಟಿದರು. ಅವರಲ್ಲಿ 9 ಮಂದಿ ಕ್ವೇಕರರು, ಮೂವರು ಆಂಗ್ಲಿಕನ್ನರು. ಕ್ವೇಕರರಿಗೆ ಸಂಸತ್ತಿನ ಸದಸ್ಯರಾಗುವ ಅವಕಾಶವಿರಲಿಲ್ಲ. ಆದರೆ ಊರೂರಿನ ಸಭೆಗಳ ಬಿಗಿಯಾದ ಜಾಲ, ಮುದ್ರಣಾಲಯ, ಲೆಕ್ಕಪತ್ರದ ಶಿಸ್ತು ಅವರ ಬಳಿ ಇದ್ದವು.

ಸಾಕ್ಷ್ಯ ಕಲೆಹಾಕುವ ಹೊಣೆ ಥಾಮಸ್ ಕ್ಲಾರ್ಕ್‌ಸನ್‌ಗೆ ಬಂತು. ಪಾದ್ರಿಯ ಮಗನಾದ ಈತ 1785ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಲ್ಯಾಟಿನ್ ಪ್ರಬಂಧ ಸ್ಪರ್ಧೆಗಾಗಿ ಗುಲಾಮಗಿರಿಯ ಬಗ್ಗೆ ಓದಲು ತೊಡಗಿದ್ದ. ಬಹುಮಾನವೇನೋ ಬಂತು, ಓದಿದ್ದು ಮಾತ್ರ ಅವನನ್ನು ನೆಮ್ಮದಿಯಾಗಿರಲು ಬಿಡಲಿಲ್ಲ. ಮುಂದಿನ ಏಳು ವರ್ಷಗಳಲ್ಲಿ ಸುಮಾರು 35,000 ಮೈಲಿ ಸುತ್ತಿ ನಾವಿಕರನ್ನೂ ಹಡಗಿನ ವೈದ್ಯರನ್ನೂ ಮಾತನಾಡಿಸಿದ. ಲಿವರ್‌ಪೂಲಿನ ಅಂಗಡಿಯಲ್ಲಿ ಕೈಕೋಳ, ಕಾಲ್ಕೋಳ, ಬೆರಳು ಹಿಸುಕುವ ತಿರುಪು, ಉಪವಾಸ ಕೂತವರ ಬಾಯಿ ತೆರೆಸುವ ಉಪಕರಣಗಳನ್ನು ಕೊಂಡು ತಂದು ಜನರಿಗೂ ಸಂಸತ್ತಿನ ಸಮಿತಿಗೂ ತೋರಿಸಿದ.

1788ರಲ್ಲಿ ಬ್ರೂಕ್ಸ್ ಎಂಬ ಹಡಗಿನ ನಕ್ಷೆ ಅಚ್ಚಾಯಿತು. ಮನುಷ್ಯರನ್ನು ಒತ್ತೊತ್ತಾಗಿ ಮಲಗಿಸುವ ಬಗೆಯನ್ನು ತೋರಿಸುವ ಆ ಚಿತ್ರ ಮನೆಗಳ, ಹೋಟೆಲುಗಳ ಗೋಡೆಗೇರಿತು. ಅದೇ ವರ್ಷ, ಒಂದು ಕಾಲದಲ್ಲಿ ಗುಲಾಮರ ಹಡಗಿನ ಕಪ್ತಾನನಾಗಿದ್ದು ಆಮೇಲೆ ಪಾದ್ರಿಯಾದ ಜಾನ್ ನ್ಯೂಟನ್ ತಾನು ಮಾಡಿದ್ದನ್ನೂ ಕಂಡದ್ದನ್ನೂ ಬರೆದು ಪ್ರಕಟಿಸಿದ. ಕುಂಬಾರಿಕೆಯ ಉದ್ಯಮಿ ಜೋಸೈಯ ವೆಜ್‌ವುಡ್ ಮಂಡಿಯೂರಿ ಕೈಮುಗಿದ, ಸಂಕೋಲೆ ತೊಟ್ಟ ಆಫ್ರಿಕನ್ನನ ಮುದ್ರಿಕೆ ತಯಾರಿಸಿ ಹಂಚಿದ. 1789ರಲ್ಲಿ ಈಕ್ವಿಯಾನೊ ತನ್ನ ಆತ್ಮಕಥೆ ಪ್ರಕಟಿಸಿ ಊರೂರು ತಿರುಗಿ ಮಾರಿದ. ಗುಲಾಮನಾಗಿದ್ದವನೇ ತನ್ನ ಬದುಕನ್ನು ಹೇಳಿಕೊಂಡಾಗ ಉಳಿದವರ ಯಾವ ವಾದಕ್ಕೂ ಇಲ್ಲದ ಶಕ್ತಿ ಚಳವಳಿಗೆ ಬಂತು.

ಅರ್ಜಿಗಳು ಮತ್ತು ಸಕ್ಕರೆ ಬಹಿಷ್ಕಾರ

ಅಂದಿನ ಬ್ರಿಟನ್ನಿನಲ್ಲಿ ಬಹುಪಾಲು ಜನರಿಗೆ ಮತದಾನದ ಹಕ್ಕಿರಲಿಲ್ಲ. ಕಾರ್ಖಾನೆಗಳ ಊರಾದ ಮ್ಯಾಂಚೆಸ್ಟರಿಗೆ ಸಂಸತ್ತಿನಲ್ಲಿ ಒಬ್ಬ ಪ್ರತಿನಿಧಿಯೂ ಇರಲಿಲ್ಲ. ಆ ಊರಿನಿಂದ ಹೋದ ಅರ್ಜಿಗೆ 10,000ಕ್ಕೂ ಹೆಚ್ಚು ಜನ ಸಹಿ ಹಾಕಿದರು. 1788ರಲ್ಲಿ 100ಕ್ಕೂ ಹೆಚ್ಚು ಅರ್ಜಿಗಳು ಬಂದವು. 1792ರಲ್ಲಿ ಅವುಗಳ ಸಂಖ್ಯೆ 519ಕ್ಕೇರಿತು, ಸಹಿಗಳು ಸುಮಾರು 3,90,000. ಪ್ರಾರ್ಥನಾ ಮಂದಿರಗಳೇ ಬಹುಕಡೆ ಸಹಿ ಸಂಗ್ರಹದ ಕೇಂದ್ರಗಳಾದವು. ಮತವಿಲ್ಲದವರು ಆಳುವವರಿಂದ ಉತ್ತರ ಕೇಳುವ ರೂಢಿ ಇಲ್ಲಿ ಬೇರೂರಿತು.

1791ರಲ್ಲಿ ಸಂಸತ್ತು ಗುಲಾಮ ವ್ಯಾಪಾರ ರದ್ದತಿಯ ಮಸೂದೆಯನ್ನು ತಿರಸ್ಕರಿಸಿದಾಗ ವಿಲಿಯಂ ಫಾಕ್ಸ್ ಬರೆದ ಪುಸ್ತಿಕೆಯೊಂದು ವೆಸ್ಟ್ ಇಂಡೀಸಿನ ಸಕ್ಕರೆಯನ್ನು ಬಿಡಲು ಕರೆ ಕೊಟ್ಟಿತು. ಸುಮಾರು 3 ಲಕ್ಷ ಜನ ಸಕ್ಕರೆ ಬಿಟ್ಟರೆಂದು ಕ್ಲಾರ್ಕ್‌ಸನ್ ಅಂದಾಜು ಮಾಡಿದ. ಮನೆಗೆ ಏನು ತರಬೇಕೆಂದು ತೀರ್ಮಾನಿಸುತ್ತಿದ್ದವರು ಹೆಂಗಸರಾದ್ದರಿಂದ ಈ ಬಹಿಷ್ಕಾರ ಅವರ ಹೋರಾಟವೇ ಆಯಿತು.

ಕ್ಲಾಪಮ್ ಬಳಗ ಮತ್ತು 1807ರ ಕಾಯ್ದೆ

ಸಂಸತ್ತಿನೊಳಗೆ ಚಳವಳಿಯ ದನಿಯಾದವನು ವಿಲಿಯಂ ವಿಲ್ಬರ್‌ಫೋರ್ಸ್. 1780ರಲ್ಲಿ ಸಂಸತ್ ಸದಸ್ಯನಾದ ಈತನಿಗೆ 1785ರ ಸುಮಾರಿಗೆ ಆಳವಾದ ಧಾರ್ಮಿಕ ಪರಿವರ್ತನೆಯಾಯಿತು. ರಾಜಕೀಯ ತೊರೆಯಬೇಕೆಂದಿದ್ದವನನ್ನು ನ್ಯೂಟನ್ ತಡೆದು, ದೇವರ ಸೇವೆ ಅಲ್ಲೇ ಇದ್ದೂ ಸಾಧ್ಯವೆಂದು ತಿಳಿಹೇಳಿದ. ಲಂಡನ್ ಬಳಿಯ ಕ್ಲಾಪಮ್ ಎಂಬ ಹಳ್ಳಿಯಲ್ಲಿ ನೆಲೆಸಿದ್ದ ಬ್ಯಾಂಕರ್ ಹೆನ್ರಿ ಥಾರ್ನ್‌ಟನ್, ವಕೀಲ ಜೇಮ್ಸ್ ಸ್ಟೀಫನ್, ಜಮೈಕದ ತೋಟದಲ್ಲಿ ಮೇಲ್ವಿಚಾರಕನಾಗಿದ್ದು ಮನಸ್ಸು ತಿರುಗಿದ ಜಕಾರಿ ಮೆಕಾಲೆ ಮುಂತಾದವರು ಅವನ ಒಡನಾಡಿಗಳು. ಭಾರತದ ಇಂಗ್ಲಿಷ್ ಶಿಕ್ಷಣದ ಟಿಪ್ಪಣಿಗೆ ಹೆಸರಾದ ಥಾಮಸ್ ಮೆಕಾಲೆ ಈ ಜಕಾರಿಯ ಮಗ.

ವಿಲ್ಬರ್‌ಫೋರ್ಸ್ 1789ರ ಮೇ 12ರಂದು ಕಾಮನ್ಸ್ ಸಭೆಯಲ್ಲಿ ವಿಷಯ ಮಂಡಿಸಿದ. 1791ರಲ್ಲಿ ಮಸೂದೆ 88ಕ್ಕೆ 163 ಮತಗಳಿಂದ ಬಿತ್ತು. 1796ರಲ್ಲಿ ಕೇವಲ 4 ಮತಗಳಿಂದ ಸೋತಿತು. ಫ್ರಾನ್ಸಿನ ಕ್ರಾಂತಿ, ಯುದ್ಧ ಹಾಗೂ ಹೈಟಿಯ ಗುಲಾಮರ ದಂಗೆಯಿಂದ ಹೆದರಿದ್ದ ಆಳುವ ವರ್ಗ ಸುಧಾರಣೆಯ ಮಾತನ್ನೆಲ್ಲ ರಾಜದ್ರೋಹದಂತೆ ಕಂಡಿತು. 1806ರಲ್ಲಿ ಸ್ಟೀಫನ್ ಹೊಸ ಹಾದಿ ಹುಡುಕಿದ: ಪರದೇಶಗಳಿಗೆ ಗುಲಾಮರನ್ನು ಪೂರೈಸುವುದನ್ನು ಯುದ್ಧನೀತಿಯ ಹೆಸರಿನಲ್ಲಿ ನಿಷೇಧಿಸಲಾಯಿತು. ಅದರ ಬೆನ್ನಿಗೇ ಮುಖ್ಯ ಮಸೂದೆ ಕಾಮನ್ಸ್ ಸಭೆಯಲ್ಲಿ 283ಕ್ಕೆ 16 ಮತಗಳಿಂದ ಗೆದ್ದು 1807ರ ಮಾರ್ಚ್ 25ರಂದು ರಾಜನ ಅಂಕಿತ ಪಡೆಯಿತು.

ಗುಲಾಮರ ಬಂಡಾಯಗಳು

ವ್ಯಾಪಾರ ನಿಂತರೂ ಗುಲಾಮಗಿರಿ ಉಳಿಯಿತು. 1807ರಲ್ಲೇ ಲಂಡನ್ನಿನಲ್ಲಿ ವೆಸ್ಟ್ ಇಂಡೀಸಿನ ಗುಲಾಮರಿಗೆಂದು ಆಯ್ದ ಭಾಗಗಳ ಬೈಬಲ್ ಒಂದು ಅಚ್ಚಾಯಿತು. ಇಸ್ರಾಯೇಲರು ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ವಿಮೋಚನಕಾಂಡದ ಕಥೆಯನ್ನು ಅದರಿಂದ ಕಿತ್ತುಹಾಕಲಾಗಿತ್ತು. ಆದರೂ ಬಿಡುಗಡೆಯ ಮಾತು ತೋಟಗಳನ್ನು ತಲುಪುವುದನ್ನು ತಡೆಯಲಾಗಲಿಲ್ಲ.

1823ರಲ್ಲಿ ಡೆಮೆರಾರದಲ್ಲಿ, ಎಂದರೆ ಇಂದಿನ ಗಯಾನದಲ್ಲಿ, ಸಾವಿರಾರು ಗುಲಾಮರು ದಂಗೆಯೆದ್ದರು. ದಂಗೆ ಹೊತ್ತಿಕೊಂಡದ್ದು ಜಾನ್ ಗ್ಲ್ಯಾಡ್‌ಸ್ಟನ್ ಎಂಬ ಲಿವರ್‌ಪೂಲ್ ವ್ಯಾಪಾರಿಯ ತೋಟದಲ್ಲಿ. ಅಲ್ಲಿನ ಮಿಷನರಿ ಜಾನ್ ಸ್ಮಿತ್‌ಗೆ ಮರಣದಂಡನೆ ವಿಧಿಸಲಾಯಿತು. 1824ರಲ್ಲಿ ಆತ ಸೆರೆಮನೆಯಲ್ಲೇ ಸತ್ತ. 1831ರ ಕ್ರಿಸ್‌ಮಸ್ ವೇಳೆಗೆ ಜಮೈಕದಲ್ಲಿ ಬ್ಯಾಪ್ಟಿಸ್ಟ್ ಸಭೆಯ ಡೀಕನ್ ಸ್ಯಾಮ್ ಶಾರ್ಪ್, ತಾನೂ ಗುಲಾಮನಾಗಿದ್ದವನು, ಕೂಲಿ ಕೊಡದಿದ್ದರೆ ಕೆಲಸವಿಲ್ಲ ಎಂಬ ಮುಷ್ಕರವನ್ನು ಪ್ರಾರ್ಥನಾ ಕೂಟಗಳ ಮೂಲಕ ಸಂಘಟಿಸಿದ. ಮುಷ್ಕರ ಬಂಡಾಯವಾಗಿ ಹಬ್ಬಿತು. 14 ಮಂದಿ ಬಿಳಿಯರು ಸತ್ತರು. ಬಂಡಾಯ ಅಡಗಿದ ಮೇಲೆ 300ಕ್ಕೂ ಹೆಚ್ಚು ಗುಲಾಮರನ್ನು ಗಲ್ಲಿಗೇರಿಸಲಾಯಿತು. 1832ರ ಮೇ 23ರಂದು ಶಾರ್ಪ್‌ನನ್ನೂ ನೇಣಿಗೇರಿಸಿದರು. ತೋಟದ ಮಾಲೀಕರ ಕಡೆಯವರು ಬ್ಯಾಪ್ಟಿಸ್ಟ್ ಮತ್ತು ಮೆಥಡಿಸ್ಟ್ ಪ್ರಾರ್ಥನಾ ಮಂದಿರಗಳನ್ನು ಸುಟ್ಟರು. ಈ ಸುದ್ದಿ ಹೊತ್ತು ಇಂಗ್ಲೆಂಡಿಗೆ ಬಂದ ವಿಲಿಯಂ ನಿಬ್ ಮುಂತಾದ ಮಿಷನರಿಗಳ ಭಾಷಣಗಳು ಜನರನ್ನು ಕಲಕಿದವು.

ಸಂಪೂರ್ಣ ರದ್ದತಿ, 1823-1838

1823ರಲ್ಲಿ ರಚನೆಯಾದ ಹೊಸ ಸಂಘ ಹಂತಹಂತವಾದ ಬಿಡುಗಡೆ ಸಾಕೆಂದಿತ್ತು. ಸಂಸತ್ತಿನಲ್ಲಿ ಥಾಮಸ್ ಫೋವೆಲ್ ಬಕ್ಸ್‌ಟನ್ ಅದರ ನಾಯಕ. ಲೆಸ್ಟರಿನ ಎಲಿಜಬೆತ್ ಹೇರಿಕ್ 1824ರ ತನ್ನ ಪುಸ್ತಿಕೆಯಲ್ಲಿ, ಅನ್ಯಾಯವನ್ನು ಕಂತಿನ ಮೇಲೆ ನಿಲ್ಲಿಸುವುದು ಸಲ್ಲದು, ಈಗಲೇ ಬಿಡುಗಡೆಯಾಗಬೇಕು ಎಂದು ವಾದಿಸಿದಳು. 1825ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಆರಂಭವಾದ ಮಹಿಳಾ ಸಂಘದ ಮಾದರಿಯಲ್ಲಿ ಹತ್ತಾರು ಸಂಘಗಳು ಹುಟ್ಟಿದವು. ಅವು ವಂತಿಗೆ ತಡೆಹಿಡಿಯುವ ಎಚ್ಚರಿಕೆ ಕೊಟ್ಟ ಮೇಲೆ 1830ರಲ್ಲಿ ರಾಷ್ಟ್ರೀಯ ಸಂಘ ತನ್ನ ನಿಲುವು ಬದಲಿಸಿತು. ಗುಲಾಮಗಿರಿಯಿಂದ ತಪ್ಪಿಸಿಕೊಂಡ ಮೇರಿ ಪ್ರಿನ್ಸ್ 1831ರಲ್ಲಿ ತನ್ನ ಕಥೆ ಪ್ರಕಟಿಸಿದಳು.

1832ರ ಸುಧಾರಣಾ ಕಾಯ್ದೆ ಮತದಾರರ ಪಟ್ಟಿಯನ್ನು ಹಿಗ್ಗಿಸಿತು. ಆ ವರ್ಷದ ಚುನಾವಣೆಯಲ್ಲಿ ಚಳವಳಿಗಾರರು ಅಭ್ಯರ್ಥಿಗಳಿಂದ ವಿಮೋಚನೆಯ ಪರ ವಾಗ್ದಾನ ಪಡೆದರು. 1833ರಲ್ಲಿ 5,000ಕ್ಕೂ ಹೆಚ್ಚು ಅರ್ಜಿಗಳು ಬಂದವು. ಒಂದರಲ್ಲಂತೂ 1,87,000 ಮಹಿಳೆಯರ ಸಹಿಯಿತ್ತು. ಮಸೂದೆ ಕಾಮನ್ಸ್ ಸಭೆಯನ್ನು ದಾಟುವುದು ಖಚಿತವೆಂದು ತಿಳಿದ ಮೂರೇ ದಿನಕ್ಕೆ, ಜುಲೈ 29ರಂದು, ವಿಲ್ಬರ್‌ಫೋರ್ಸ್ ತೀರಿಕೊಂಡ. 1834ರ ಆಗಸ್ಟ್ 1ರಂದು ಕಾಯ್ದೆ ಜಾರಿಗೆ ಬಂದು ಸುಮಾರು 8 ಲಕ್ಷ ಜನ ಗುಲಾಮರೆಂಬ ಹಣೆಪಟ್ಟಿ ಕಳಚಿಕೊಂಡರು.

ಕಾಯ್ದೆಯಲ್ಲಿ ದೊಡ್ಡ ಅನ್ಯಾಯವೂ ಇತ್ತು. 2 ಕೋಟಿ ಪೌಂಡು ಪರಿಹಾರ ಹೋದದ್ದು ಮಾಲೀಕರಿಗೆ. ದುಡಿದವರಿಗೆ ಬಿಡಿಕಾಸೂ ಸಿಗಲಿಲ್ಲ. ಸುವಾರ್ತಾ ಪ್ರಸಾರ ಸಂಘವೂ ಪರಿಹಾರ ಪಡೆಯಿತು. ಮೇಲಾಗಿ, ಬಿಡುಗಡೆಯಾದವರು ಕಲಿಕೆಯಾಳುಗಳೆಂಬ ಹೆಸರಿನಲ್ಲಿ ಅದೇ ಯಜಮಾನರಿಗೆ ದುಡಿಯಬೇಕಿತ್ತು. ಕ್ವೇಕರ್ ಜೋಸೆಫ್ ಸ್ಟರ್ಜ್ ದ್ವೀಪಗಳಿಗೆ ಹೋಗಿ ಈ ಮೋಸವನ್ನು ಬಯಲಿಗೆಳೆದ. ಹೊಸ ಆಂದೋಲನದ ಒತ್ತಡಕ್ಕೆ ಮಣಿದು 1838ರ ಆಗಸ್ಟ್ 1ರಂದು ಅದನ್ನೂ ಕೈಬಿಡಲಾಯಿತು. ಹಿಂದಿನ ರಾತ್ರಿ ಜಮೈಕದ ಫಾಲ್ಮತ್ತಿನಲ್ಲಿ ನಿಬ್‌ನ ಸಭೆಯವರು ಸಂಕೋಲೆ, ಚಾಟಿಗಳನ್ನು ಶವಪೆಟ್ಟಿಗೆಯಲ್ಲಿಟ್ಟು ಹೂಳಿದರು.

ಭಾರತದೊಂದಿಗಿನ ನಂಟು

1833ರ ಕಾಯ್ದೆ ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳನ್ನು ಹೊರಗಿಟ್ಟಿತು. ಮಲಬಾರ್, ದಕ್ಷಿಣ ಕನ್ನಡಗಳಲ್ಲಿ ದಲಿತ ಆಳುಗಳನ್ನು ಮಾರುವ, ಅಡವಿಡುವ ಪದ್ಧತಿ ನಡೆದೇ ಇತ್ತು. ಮನುಷ್ಯರ ಮೇಲಿನ ಒಡೆತನವನ್ನು ನ್ಯಾಯಾಲಯಗಳು ಮಾನ್ಯಮಾಡಬಾರದೆಂಬ ಕಾಯ್ದೆ ಇಲ್ಲಿಗೆ ಬಂದದ್ದು 1843ರಲ್ಲಿ. ಗುಲಾಮರ ಮಾರಾಟ ದಂಡಸಂಹಿತೆಯ ಅಡಿ ಅಪರಾಧವಾದದ್ದು 1860ರ ದಶಕದಲ್ಲಿ. ಜೀತದ ರೂಪದಲ್ಲಿ ಉಳಿದದ್ದನ್ನು ನಿಷೇಧಿಸಲು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯೇ ಬೇಕಾಯಿತು.

ಗುಲಾಮರ ಜಾಗಕ್ಕೆ ತೋಟದ ಮಾಲೀಕರು ಭಾರತದಿಂದ ಕರಾರು ಕೂಲಿಗಳನ್ನು ತರಿಸಿದರು. 1838ರಲ್ಲಿ ಗಯಾನಕ್ಕೆ ಮೊದಲ ತಂಡವನ್ನು ತರಿಸಿದವರಲ್ಲಿ ಡೆಮೆರಾರದ ಅದೇ ಜಾನ್ ಗ್ಲ್ಯಾಡ್‌ಸ್ಟನ್ ಪ್ರಮುಖ. ಈ ಪದ್ಧತಿಯ ಕ್ರೌರ್ಯವನ್ನು ಪರಿಶೀಲಿಸಲು ಕ್ರೈಸ್ತ ಮಿಷನರಿಯಾಗಿ ಭಾರತಕ್ಕೆ ಬಂದಿದ್ದ ದೀನಬಂಧು ಸಿ.ಎಫ್. ಆಂಡ್ರೂಸ್ ಮತ್ತು ಡಬ್ಲ್ಯು.ಡಬ್ಲ್ಯು. ಪಿಯರ್ಸನ್ 1915ರಲ್ಲಿ ಫಿಜಿಗೆ ಹೋದರು. ಅವರ ವರದಿ ಮತ್ತು ಭಾರತೀಯ ನಾಯಕರ ಹೋರಾಟದಿಂದ 1917ರಲ್ಲಿ ಕೂಲಿಗಳ ನೇಮಕ ನಿಂತಿತು.

ಮೌಲ್ಯಮಾಪನ

ಇತಿಹಾಸಕಾರ ಎರಿಕ್ ವಿಲಿಯಮ್ಸ್ 1944ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಗುಲಾಮಗಿರಿ ಅಳಿದದ್ದಕ್ಕೆ ಧರ್ಮಕ್ಕಿಂತ ಬದಲಾದ ಆರ್ಥಿಕ ಹಿತಾಸಕ್ತಿಯೇ ಕಾರಣವೆಂದು ವಾದಿಸಿದ. ಸೀಮೋರ್ ಡ್ರೆಶರ್ 1977ರಲ್ಲಿ, ಲಾಭದಲ್ಲಿದ್ದ ವ್ಯಾಪಾರವನ್ನೇ ಬ್ರಿಟನ್ ಕೈಬಿಟ್ಟಿತೆಂದು ಅದಕ್ಕೆ ಉತ್ತರಿಸಿದ. ನಾಯಕರ ಮಿತಿಗಳೂ ಸಣ್ಣವಲ್ಲ. ಸ್ವದೇಶದ ಕಾರ್ಮಿಕರು ಸಂಘ ಕಟ್ಟುವುದನ್ನು ವಿಲ್ಬರ್‌ಫೋರ್ಸ್ ವಿರೋಧಿಸಿದ, ಮಹಿಳಾ ಸಂಘಗಳನ್ನು ಒಪ್ಪಲಿಲ್ಲ, 1813ರಲ್ಲಿ ಭಾರತಕ್ಕೆ ಮಿಷನರಿಗಳ ಪ್ರವೇಶ ಬೇಡುವಾಗ ಇಲ್ಲಿನ ಧರ್ಮಗಳನ್ನು ತುಚ್ಛವಾಗಿ ಕಂಡ. ಆಂಗ್ಲಿಕನ್ ಸಭೆ ಗುಲಾಮಗಿರಿಯಲ್ಲಿನ ತನ್ನ ಪಾಲಿಗೆ 2006ರಲ್ಲಿ ಕ್ಷಮೆ ಕೇಳಿತು. 2023ರಲ್ಲಿ 10 ಕೋಟಿ ಪೌಂಡಿನ ನಿಧಿ ಘೋಷಿಸಿತು.

ಬಡ ದೇಶಗಳ ಸಾಲಮನ್ನಾಕ್ಕಾಗಿ 1990ರ ದಶಕದಲ್ಲಿ ನಡೆದ ಜುಬಿಲಿ 2000 ಆಂದೋಲನ ಇದೇ ದಾರಿ ಹಿಡಿಯಿತು. ಯಾಜಕಕಾಂಡ ಹೇಳುವ ಬಿಡುಗಡೆಯ ವರ್ಷದಿಂದ ಹೆಸರು ಪಡೆದ ಅದು 1998ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಸುಮಾರು 70,000 ಜನರ ಮಾನವ ಸರಪಳಿ ಕಟ್ಟಿತು, 2 ಕೋಟಿಗೂ ಹೆಚ್ಚು ಸಹಿ ಸಂಗ್ರಹಿಸಿತು. ಎರಡೂ ಚಳವಳಿಗಳು ಒಂದೇ ಸಂಗತಿಯನ್ನು ದೃಢಪಡಿಸುತ್ತವೆ. ಭಕ್ತಿ ತನ್ನಷ್ಟಕ್ಕೆ ಅನ್ಯಾಯವನ್ನು ಅಳಿಸಲಿಲ್ಲ. ಕಾಡ್ರಿಂಗ್ಟನ್ ತೋಟದಲ್ಲೂ ಪ್ರಾರ್ಥನೆ ನಡೆಯುತ್ತಿತ್ತು. ಭಕ್ತರು ಪೌರರಾಗಿ ಸಾಕ್ಷ್ಯ ಹುಡುಕಿದಾಗ, ತಮ್ಮ ಸಭೆಯನ್ನೇ ಪ್ರಶ್ನಿಸಿದಾಗ, ನೊಂದವರ ಮಾತಿಗೆ ಮೊದಲ ಸ್ಥಾನ ಕೊಟ್ಟಾಗ, ಸೋತರೂ ಮತ್ತೆ ಅರ್ಜಿ ಹಿಡಿದು ಬಂದಾಗ ಕಾನೂನು ಬದಲಾಯಿತು.