ರಾಗಿ ಹೊಲದಲ್ಲಿ ಅವರೆ ಸಾಲು ಏಕೆ?

ಬೆಂಗಳೂರಿನಿಂದ ತುಮಕೂರಿನ ಕಡೆಗೆ ಹೊರಟವರಿಗೆ ದಾಬಸ್‌ಪೇಟೆಯ ಬಳಿ ಶಿವಗಂಗೆಯ ಬೆಟ್ಟ ಕಾಣಿಸುತ್ತದೆ. ಈ ಸೀಮೆಯ ಕೆಂಪು ಮಣ್ಣಿನಲ್ಲಿ ಮಳೆ ನಂಬಿ ಬೆಳೆಯುವ ಮುಖ್ಯ ಪೈರು ರಾಗಿ. ಹಿಂದಿನವರು ರಾಗಿಯೊಂದನ್ನೇ ಬಿತ್ತುತ್ತಿರಲಿಲ್ಲ. ಕೂರಿಗೆಯ ಹಿಂದೆ ಸಡ್ಡೆ ಹಿಡಿದು, ನಡುನಡುವೆ ಅವರೆ, ತೊಗರಿ, ಅಲಸಂದೆಗಳ ಅಕ್ಕಡಿ ಸಾಲು ಬಿಡುತ್ತಿದ್ದರು. ಮಳೆ ಕೈಕೊಟ್ಟು ರಾಗಿ ಕೆಟ್ಟರೂ ಸಾರಿಗೆ ನಾಲ್ಕು ಕಾಳು ಸಿಕ್ಕೀತೆಂಬುದು ಒಂದು ಲೆಕ್ಕಾಚಾರ. ಇನ್ನೊಂದು ಲಾಭ ಮಣ್ಣಿನೊಳಗಿತ್ತು.

ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ. ಪ್ರತಿಯೊಂದು ಜೀವಿಯ ಪ್ರೋಟೀನಿಗೂ ಅದು ಬೇಕು. ಆದರೆ ಅದರ ಎರಡು ಪರಮಾಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುವುದರಿಂದ ರಾಗಿ ಪೈರಾಗಲಿ, ನಾವಾಗಲಿ ಅದನ್ನು ನೇರವಾಗಿ ಬಳಸಲಾರೆವು. ಆ ಹಿಡಿತ ಬಿಡಿಸಬಲ್ಲವು ಸಿಡಿಲು ಮತ್ತು ಕೆಲವು ಬ್ಯಾಕ್ಟೀರಿಯಾಗಳು. ಅವರೆ ಗಿಡ ಕಿತ್ತು ನೋಡಿದರೆ ಬೇರಿನಲ್ಲಿ ಸಣ್ಣ ಗಂಟುಗಳಿರುತ್ತವೆ. ಅವುಗಳಲ್ಲಿ ನೆಲೆಸಿದ ರೈಜೋಬಿಯಂ ವರ್ಗದ ಬ್ಯಾಕ್ಟೀರಿಯಾ ಗಿಡದಿಂದ ಆಹಾರ ಪಡೆದು, ಬದಲಿಗೆ ಸಾರಜನಕವನ್ನು ಅಮೋನಿಯಾ ಮಾಡಿ ಕೊಡುತ್ತದೆ.

ಈ ಗುಟ್ಟನ್ನು ಜರ್ಮನಿಯ ಹೆಲ್ರೀಗಲ್ 1886ರಲ್ಲಿ ಪ್ರಕಟಿಸಿದರು. 1888ರಲ್ಲಿ ಹಾಲೆಂಡಿನ ಬೈಜೆರಿಂಕ್ ಆ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಮೈಸೂರು ಸಂಸ್ಥಾನದಲ್ಲಿ 1899ರಲ್ಲಿ ರಾಜಪ್ರತಿನಿಧಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು 30 ಎಕರೆ ಕೊಟ್ಟ ಮೇಲೆ ಹೆಬ್ಬಾಳದಲ್ಲಿ ಮಣ್ಣು-ಬೆಳೆಗಳ ಪ್ರಯೋಗ ಆರಂಭವಾಯಿತು. ವಿಜ್ಞಾನ ಕಾರಣ ಹೇಳುವ ಎಷ್ಟೋ ಮೊದಲೇ ರೈತ ಫಲ ಕಂಡಿದ್ದ.

ಆದರೆ ಅವರೆಯೊಂದರಿಂದಲೇ ಹೊಲ ತುಂಬದು. ಗಂಟು ಗಳಿಸಿದ ಸಾರಜನಕದ ಬಹುಪಾಲು ಕಾಳಿನೊಡನೆ ಮನೆಗೆ ಬರುತ್ತದೆ. ಬೇರು, ಉದುರಿದ ಎಲೆಗಳಷ್ಟೇ ಮಣ್ಣಿಗೆ ಉಳಿಯುತ್ತವೆ. ಮಿಕ್ಕ ಸಾಲವನ್ನು ತೀರಿಸುತ್ತಿದ್ದುದು ತಿಪ್ಪೆ. ರಾಗಿಹುಲ್ಲು ತಿಂದ ದನದ ಸಗಣಿ, ಗಂಜಳ ಕೊಳೆತು ಮೊದಲು ಅಮೋನಿಯಾ, ಆಮೇಲೆ ನೈಟ್ರೇಟ್ ಆಗಿ ಮತ್ತೆ ರಾಗಿಯ ಬೇರನ್ನು ಸೇರುತ್ತಿತ್ತು. ಒಂದಿಷ್ಟನ್ನು ಬೇರೆ ಬ್ಯಾಕ್ಟೀರಿಯಾಗಳು ಗಾಳಿಗೇ ಹಿಂದಿರುಗಿಸುತ್ತಿದ್ದವು. ಇದೇ ಸಾರಜನಕದ ಚಕ್ರ.

1909ರಲ್ಲಿ ಫ್ರಿಟ್ಸ್ ಹೇಬರ್ ಗಾಳಿಯ ಸಾರಜನಕದಿಂದ ಅಮೋನಿಯಾ ತಯಾರಿಸಿ ತೋರಿಸಿದ ಮೇಲೆ ಚಕ್ರಕ್ಕೆ ಹೊಸ ಬಾಗಿಲು ತೆರೆಯಿತು. ಯೂರಿಯಾ ಮೂಟೆ ಹಳ್ಳಿಗೆ ಬಂತು. ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ವಿಜ್ಞಾನಿ ಭಾರತ-ಆಫ್ರಿಕಾದ ತಳಿಗಳನ್ನು ಬೆರೆಸಿ ರೂಪಿಸಿದ ಇಂಡಾಫ್ ರಾಗಿ ಇಳುವರಿ ಹೆಚ್ಚಿಸಿತು. ಈ ಎರಡರಿಂದ ಹಸಿವು ತಗ್ಗಿತೆಂಬುದನ್ನು ಮರೆಯಬಾರದು.

ತೊಡಕು ಇರುವುದು ಅಳತೆಯಲ್ಲಿ. ಪೈರು ಹೀರಲಾರದ ನೈಟ್ರೇಟ್ ಮಳೆನೀರಿನೊಡನೆ ಕೆಳಗಿಳಿಯುತ್ತದೆ. ಊರ ಚರಂಡಿ, ಶೌಚದ ಗುಂಡಿಗಳದೂ ಅದಕ್ಕೆ ಸೇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ಕರ್ನಾಟಕದ ಎಷ್ಟೋ ಕೊಳವೆಬಾವಿಗಳಲ್ಲಿ ಅದು ಮೀರಿದೆ. ಅಂಥ ನೀರು ಹಸುಗೂಸುಗಳ ರಕ್ತದ ಆಮ್ಲಜನಕ ಸಾಗಿಸುವ ಶಕ್ತಿಯನ್ನೇ ಕುಗ್ಗಿಸಬಲ್ಲದು.

ದಾಬಸ್‌ಪೇಟೆ ಈಗ ಕೈಗಾರಿಕೆಗಳ ಊರು. ದನ ಸಾಕುವವರು ಕಡಿಮೆಯಾದರೆ ತಿಪ್ಪೆ ಬರಿದಾಗುತ್ತದೆ. ಕೂಲಿ ಸಿಗದಿದ್ದರೆ ಅಕ್ಕಡಿ ಬಿಡುವ ಉತ್ಸಾಹವೂ ಇಳಿಯುತ್ತದೆ. ಯೂರಿಯಾ ಬೇಡವೆನ್ನಬೇಕಿಲ್ಲ. ಆದರೆ ಅವರೆಯ ಸಾಲು ಬಿಟ್ಟಷ್ಟೂ, ತಿಪ್ಪೆ ಕಾಪಾಡಿದಷ್ಟೂ ಮೂಟೆಯ ಖರ್ಚು ತಗ್ಗುತ್ತದೆ, ಬಾವಿಯ ನೀರೂ ಉಳಿಯುತ್ತದೆ.